ಹಾಲುಹಲ್ಲು ಹೇಗೂ ಬೀಳುತ್ತಲ್ವಾ? ಮಕ್ಕಳ ಹಲ್ಲು ಕಾಯುವ, ಹುಳುಕಾದರೆ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ದೊಡ್ಡ ಮಗಳಿಗೆ ಆಗ ಐದು ವರ್ಷ. ಕೆಳಗಿನ ಸಾಲಿನ ಕೊನೆಯ ದವಡೆ ಹಲ್ಲಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಹಾಲುಹಲ್ಲು ತಾನೆ, ಹೇಗೂ ಬೀಳುತ್ತಲ್ವಾ ಎಂದು ಸುಮ್ಮನಾದೆ. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಕೆನ್ನೆ ಹಿಡಿದುಕೊಂಡು ಎದ್ದು ಕೂತಳು. ಬೆಳಗಾಗುವಷ್ಟರಲ್ಲಿ ಮುಖ ಒಂದು ಕಡೆ ಊದಿತ್ತು.

ಡಾಕ್ಟರ್ ಬಾಯಿ ನೋಡಿದರು, ಎಕ್ಸ್‌ರೇ ತೆಗೆದರು. ಆಮೇಲೆ ನನ್ನನ್ನೇ ಒಂದು ಪ್ರಶ್ನೆ ಕೇಳಿದರು: "ಈ ಹಲ್ಲು ಯಾವಾಗ ಬೀಳುತ್ತೆ ಅಂದುಕೊಂಡಿದ್ದೀರಿ?" ಆರೋ ಏಳೋ ವರ್ಷಕ್ಕೆ ಎಂದೆ. "ಹನ್ನೊಂದಕ್ಕೆ. ಇನ್ನೂ ಐದು ವರ್ಷ ಅವಳು ಇದರಲ್ಲೇ ಅಗಿಯಬೇಕು" ಎಂದರು.

ನಾನು ಡಾಕ್ಟರ್ ಅಲ್ಲ, ಎರಡು ಮಕ್ಕಳ ತಾಯಿ. ದೊಡ್ಡವಳ ಬಾಯಲ್ಲಿ ಮಾಡಿದ ತಪ್ಪನ್ನು ಚಿಕ್ಕವನ ಬಾಯಲ್ಲಿ ತಿದ್ದಿಕೊಂಡೆ. ಆ ದಾರಿಯಲ್ಲಿ ಕಲಿತದ್ದನ್ನು, ಡಾಕ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ಲೆಕ್ಕ ಗೊತ್ತಿರಲಿ

ಹಾಲುಹಲ್ಲು ಒಟ್ಟು 20. ಮೊದಲನೆಯದು ಸುಮಾರು ಆರು ತಿಂಗಳಿಗೆ, ಸಾಮಾನ್ಯವಾಗಿ ಕೆಳಗೆ ಮುಂದುಗಡೆ ಹುಟ್ಟುತ್ತದೆ. ಕೆಲವು ಮಕ್ಕಳಿಗೆ ಇದು ವರ್ಷದವರೆಗೂ ತಡವಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಎರಡೂವರೆ ಮೂರು ವರ್ಷದ ಹೊತ್ತಿಗೆ ಇಪ್ಪತ್ತೂ ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ. ನಾವೆಲ್ಲ ಎಡವುವುದು ಇಲ್ಲೇ. ಮುಂದಿನವು ಬೀಳುವುದನ್ನು ನೋಡಿ ಹಿಂದಿನವೂ ಅಷ್ಟೇ ಅಂದುಕೊಳ್ಳುತ್ತೇವೆ. ಹಾಲಿನ ದವಡೆ ಹಲ್ಲುಗಳು 9ರಿಂದ 12 ವರ್ಷದವರೆಗೂ ಬಾಯಲ್ಲಿರುತ್ತವೆ.

ಅಷ್ಟು ವರ್ಷ ಅವು ಮಾಡುವ ಕೆಲಸ ಬರೀ ಅಗಿಯುವುದಲ್ಲ. ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತವೆ. ಒಂದನ್ನು ಬೇಗ ಕಿತ್ತರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಹೊಸ ಹಲ್ಲು ಜಾಗ ಸಿಗದೆ ಅಡ್ಡಾದಿಡ್ಡಿ ಬರುತ್ತದೆ.

ಇನ್ನೊಂದು ವಿಷಯ. ಹಾಲುಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮಲ್, ದೊಡ್ಡವರ ಹಲ್ಲಿನದಕ್ಕಿಂತ ಹೆಚ್ಚುಕಡಿಮೆ ಅರ್ಧದಷ್ಟು ತೆಳು. ಒಳಗಿನ ನರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು, ಮೇಲಕ್ಕೆ ಹತ್ತಿರ. ಹಾಗಾಗಿ ದೊಡ್ಡವರ ಬಾಯಲ್ಲಿ ವರ್ಷಗಟ್ಟಲೆ ಸುಮ್ನೆ ಕೂರುವ ಹುಳುಕು ಮಕ್ಕಳಲ್ಲಿ ಕೆಲವೇ ತಿಂಗಳಲ್ಲಿ ನರ ಮುಟ್ಟುತ್ತದೆ.

ಹಂತ 1: ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ

ಇದಕ್ಕೆ ಬೇಕಾದದ್ದು ಮೊಬೈಲಿನ ಟಾರ್ಚ್ ಮತ್ತು ಎರಡು ನಿಮಿಷ. ಮಗುವನ್ನು ಮಲಗಿಸಿ, ತಲೆ ನಿಮ್ಮ ತೊಡೆಯ ಮೇಲಿರಲಿ, ನೀವು ತಲೆಯ ಹಿಂದೆ ಕೂತಿರಿ. ಮೇಲಿನ ತುಟಿಯನ್ನು ಬೆರಳಿನಿಂದ ಪೂರ್ತಿ ಎತ್ತಿ. ಒಸಡು ಮತ್ತು ಹಲ್ಲು ಸೇರುವ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ.

ಒರೆಸುವುದು ಯಾಕೆಂದರೆ, ಹುಳುಕಿನ ಮೊದಲ ಗುರುತು ಕಪ್ಪಲ್ಲ, ಬಿಳುಪು. ಒಸಡಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ, ಹೊಳಪಿಲ್ಲದ ಬಿಳಿ ಪಟ್ಟಿ. ಜೊಲ್ಲಿನಿಂದ ಒದ್ದೆಯಾಗಿದ್ದರೆ ಇದು ಕಾಣುವುದೇ ಇಲ್ಲ, ಒಣಗಿದ ಕೂಡಲೇ ಎದ್ದು ಕಾಣುತ್ತದೆ. ಚಿಕ್ಕವನಿಗೆ ಒಂದೂವರೆ ವರ್ಷವಾಗಿದ್ದಾಗ ನನಗೆ ಕಂಡದ್ದು ಇದೇ ಗೆರೆ. ಈ ಹಂತದಲ್ಲಿ ಹಲ್ಲಿಗೆ ತೂತು ಬಿದ್ದಿರುವುದಿಲ್ಲ, ಒಳಗಿನ ಸುಣ್ಣದ ಅಂಶ ಕರಗಿರುತ್ತದೆ ಅಷ್ಟೇ. ಸರಿಯಾಗಿ ನೋಡಿಕೊಂಡರೆ ಮತ್ತೆ ಗಟ್ಟಿಯಾಗುತ್ತದೆ. ಡ್ರಿಲ್ ಇಲ್ಲದೆ, ಇಂಜೆಕ್ಷನ್ ಇಲ್ಲದೆ ಹುಳುಕನ್ನು ಹಿಂದಕ್ಕೆ ಕಳಿಸಲು ಸಿಗುವ ಅವಕಾಶ ಇದೊಂದೇ.

ಎಳೆ ಮಕ್ಕಳಲ್ಲಿ ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹಾಳಾಗುತ್ತವೆ. ಕೆಳಗಿನವು ಚೆನ್ನಾಗಿಯೇ ಇರುತ್ತವೆ, ಏಕೆಂದರೆ ಬಾಟಲಿಯಲ್ಲಿ ಕುಡಿಯುವಾಗ ನಾಲಿಗೆ ಅವುಗಳನ್ನು ಮುಚ್ಚಿರುತ್ತದೆ, ಜೊಲ್ಲೂ ಅಲ್ಲೇ ಜಾಸ್ತಿ. ಹೀಗಾಗಿ ಮಗು ನಕ್ಕಾಗ ಕಾಣುವ ಕೆಳಸಾಲನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಹಂತ 2: ಬ್ರಶ್ ನಿಮ್ಮ ಕೈಯಲ್ಲಿರಲಿ

ಮೊದಲ ಹಲ್ಲು ಕಂಡ ದಿನವೇ ಬ್ರಶ್ ಶುರು. ದಿನಕ್ಕೆ ಎರಡು ಸಲ. ಎರಡರಲ್ಲಿ ಒಂದನ್ನು ಬಿಡಲೇಬೇಕಾದ ದಿನ ಬಂದರೆ ಬೆಳಗ್ಗಿನದನ್ನು ಬಿಡಿ, ರಾತ್ರಿಯದನ್ನಲ್ಲ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಬಾಯಿ ತೊಳೆಯುವ ನೀರೇ ನಿಂತು ಹೋದ ಹಾಗೆ. ಆಗ ಹಲ್ಲಿನ ಮೇಲೆ ಉಳಿದದ್ದು ಎಂಟು ಹತ್ತು ಗಂಟೆ ಅಲ್ಲೇ ಇರುತ್ತದೆ.

ಪೇಸ್ಟ್ ಕೊಳ್ಳುವಾಗ ಡಬ್ಬಿಯ ಮೇಲಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ನೋಡಿ. ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಅಳತೆ) ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಮಕ್ಕಳ ಪೇಸ್ಟ್ ಎಂದು ಮಾರುವ ಕೆಲವದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಶ್ ತುಂಬ ಸುರುಳಿ ಸುರುಳಿಯಾಗಿ ಹಾಕುತ್ತಾರಲ್ಲ, ಅದು ಪೇಸ್ಟ್ ಬೇಗ ಖಾಲಿಯಾಗಲಿ ಅಂತ. ಮಗು ದಿನಾ ಜಾಸ್ತಿ ಪೇಸ್ಟ್ ನುಂಗಿದರೆ ಮುಂದೆ ಬರುವ ಹಲ್ಲಿನ ಮೇಲೆ ಬಿಳಿ ಮಚ್ಚೆ ಬರಬಹುದು, ಅದಕ್ಕೇ ಈ ಅಳತೆ. ನೀವು ಕುಡಿಯುವ ಬಾವಿ ಅಥವಾ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ (ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಇದು) ಡಾಕ್ಟರಿಗೆ ಮೊದಲೇ ಹೇಳಿ.

ಬ್ರಶ್ ಆದ ಮೇಲೆ ಉಗುಳಿಸಿ, ಬಾಯಿ ಮುಕ್ಕಳಿಸಬೇಡಿ. ನಾನೂ ಮೊದಲು ನಂಬಲಿಲ್ಲ. ಗಟಗಟ ನೀರು ಹಾಕಿ ಮುಕ್ಕಳಿಸಿದರೆ ತಾನೆ ಶುದ್ಧ? ಆದರೆ ಕೆಲಸ ಮಾಡಬೇಕಾದ ಫ್ಲೋರೈಡೂ ಆ ನೀರಿನ ಜತೆ ಹೋಗಿಬಿಡುತ್ತದೆ.

ಏಳೆಂಟು ವರ್ಷದವರೆಗೂ ದೊಡ್ಡವರೇ ಬ್ರಶ್ ಮಾಡಬೇಕು. "ನಾನೇ ಮಾಡ್ಕೊತೀನಿ" ಎಂದು ಹಟ ಮಾಡಿದರೆ ಮೊದಲ ಸರದಿ ಮಗುವಿನದು, ಎರಡನೆಯದು ನಿಮ್ಮದು. ಎದುರಿಗೆ ನಿಂತು ಮಾಡಿದರೆ ಹಿಂದಿನ ಹಲ್ಲು ಕಾಣುವುದಿಲ್ಲ. ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಒರಗಿಸಿ, ಕೆನ್ನೆಯನ್ನು ಒಂದು ಬೆರಳಿನಿಂದ ಸರಿಸಿ. ಎಳೆಗಳು ಹಲ್ಲಿಗಿಂತ ಒಸಡಿನ ಅಂಚಿಗೆ ತಾಗಬೇಕು. ಸಣ್ಣಗೆ ಸುತ್ತಿಸಿ, ಒತ್ತಿ ಉಜ್ಜಬೇಡಿ.

ದವಡೆ ಹಲ್ಲುಗಳು ಒಂದಕ್ಕೊಂದು ತಾಗಿಕೊಂಡ ಮೇಲೆ ನಡುವಿನ ಜಾಗಕ್ಕೆ ಬ್ರಶ್ ಹೋಗುವುದಿಲ್ಲ. ಅಲ್ಲಿಗೆ ಹಲ್ಲಿನ ದಾರ, ಅಂದರೆ ಫ್ಲಾಸ್ ಬೇಕು. ಪುಟ್ಟ ಹಿಡಿಕೆ ಇರುವ ಫ್ಲಾಸ್ ಸಿಗುತ್ತದೆ, ಮಕ್ಕಳಿಗೆ ಅದೇ ಸುಲಭ. ನನ್ನ ಮಗಳ ಹುಳುಕು ಶುರುವಾದದ್ದು ಇಂಥ ಸಂದಿನಲ್ಲೇ. ಮೇಲೆ ಕಂಡ ಕಪ್ಪು ಚುಕ್ಕೆ ಒಳಗಿದ್ದುದರ ಬಾಲ ಮಾತ್ರ.

ಹಂತ 3: ಸಿಹಿ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ

ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು. ಜೊಲ್ಲು ಅದನ್ನು ಮತ್ತೆ ಸರಿಮಾಡಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಈಗ ಲೆಕ್ಕ ಹಾಕಿ. ಒಂದೇ ಸಲ ಆರು ಬಿಸ್ಕತ್ತು ತಿಂದರೆ ಹಲ್ಲಿಗೆ ಒಂದು ಪೆಟ್ಟು. ಅದೇ ಆರನ್ನು ಅರ್ಧರ್ಧ ಗಂಟೆಗೆ ಒಂದರಂತೆ ಆಡುತ್ತಾ ತಿಂದರೆ ಮೂರು ಗಂಟೆ ಹಲ್ಲು ಆಮ್ಲದಲ್ಲೇ ನೆನೆಯುತ್ತದೆ.

ಸಿಹಿ ಪೂರ್ತಿ ಬಿಡಿಸಲು ಹೋಗಿ ನಾನು ಸೋತಿದ್ದೇನೆ. ಊಟದ ಜತೆಗೇ ಕೊಡಿ, ನಡುವೆ ಬೇಡ ಎಂಬ ನಿಯಮ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವುದನ್ನು ಬಿಡಿಸಿ, ವರ್ಷ ತುಂಬಿದ ಮೇಲೆ ಲೋಟದ ಅಭ್ಯಾಸ ಮಾಡಿಸಿ. ಕೆಮ್ಮಿನ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ. ರಾತ್ರಿ ಬ್ರಶ್ ಆದ ಮೇಲೆ ಕೊಟ್ಟರೆ ಬ್ರಶ್ ಮಾಡಿದ್ದೇ ದಂಡ.

ಹಂತ 4: ನೋವು ಬರುವ ಮೊದಲೇ ಡಾಕ್ಟರ್ ಪರಿಚಯವಾಗಲಿ

ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ತಡವೆಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ತೋರಿಸಬೇಕು ಎಂದು ಮಕ್ಕಳ ದಂತವೈದ್ಯರು ಹೇಳುತ್ತಾರೆ. ಅಷ್ಟು ಚಿಕ್ಕ ಮಗುವನ್ನು ಕುರ್ಚಿಯಲ್ಲಿ ಕೂರಿಸುವುದಿಲ್ಲ. ಡಾಕ್ಟರ್ ಮತ್ತು ನೀವು ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತೀರಿ. ಮಗುವಿನ ಕಾಲು ನಿಮ್ಮ ಸೊಂಟದ ಎರಡೂ ಕಡೆ, ತಲೆ ಡಾಕ್ಟರ ತೊಡೆಯ ಮೇಲೆ. ಎರಡು ನಿಮಿಷದ ಕೆಲಸ. ಮಗು ಅತ್ತರೆ ಬೇಸರ ಬೇಡ, ಅತ್ತಾಗಲೇ ಬಾಯಿ ಚೆನ್ನಾಗಿ ಕಾಣುವುದು.

ಆಮೇಲೆ ಆರು ತಿಂಗಳಿಗೊಮ್ಮೆ ಹೋಗಿ. ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ. ಪುಟ್ಟ ಬ್ರಶ್ಶಿನಲ್ಲಿ ಬಣ್ಣ ಹಚ್ಚಿದ ಹಾಗೆ, ಒಂದೆರಡು ನಿಮಿಷದ ಕೆಲಸ. ಅವತ್ತು ಹಲ್ಲು ಸ್ವಲ್ಪ ಹಳದಿ ಕಾಣಬಹುದು, ಮರುದಿನ ಬ್ರಶ್ ಮಾಡಿದರೆ ಹೋಗುತ್ತದೆ. ಚಿಕ್ಕವನ ಬಿಳಿ ಗೆರೆ ಗಟ್ಟಿಯಾದದ್ದು ಈ ವಾರ್ನಿಷ್, ರಾತ್ರಿಯ ಬ್ರಶ್ ಮತ್ತು ಬಾಟಲಿ ಬಿಡಿಸಿದ್ದು, ಈ ಮೂರರಿಂದ.

ಆರನೇ ವರ್ಷದ ಆ ಹಲ್ಲು

ಇದಕ್ಕೆ ಬೇರೆ ತಲೆಬರಹವನ್ನೇ ಕೊಟ್ಟಿದ್ದೇನೆ, ಏಕೆಂದರೆ ಇಲ್ಲಿ ಮೋಸಹೋಗದ ಅಪ್ಪ ಅಮ್ಮಂದಿರನ್ನು ನಾನು ನೋಡಿದ್ದು ಕಡಿಮೆ. ಸುಮಾರು ಆರು ವರ್ಷಕ್ಕೆ ಕೊನೆಯ ಹಾಲುಹಲ್ಲಿನ ಹಿಂದೆ, ಸಾಲಿಗೆ ಒಂದೊಂದು ಕಡೆ ಒಂದರಂತೆ ನಾಲ್ಕು ದೊಡ್ಡ ದವಡೆ ಹಲ್ಲು ಬರುತ್ತವೆ. ಇವು ಬರಲು ಯಾವ ಹಲ್ಲೂ ಬೀಳಬೇಕಿಲ್ಲ. ಸದ್ದಿಲ್ಲದೆ ಬರುತ್ತವೆ, ಬಂದದ್ದೇ ಗೊತ್ತಾಗುವುದಿಲ್ಲ. ಕಂಡರೂ ಹಾಲುಹಲ್ಲೇ ಅಂದುಕೊಳ್ಳುತ್ತೇವೆ. ಆದರೆ ಅವು ಶಾಶ್ವತ ಹಲ್ಲುಗಳು, ಹೋದರೆ ಮತ್ತೆ ಬರುವುದಿಲ್ಲ.

ಇವುಗಳ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುತ್ತವೆ. ಕೆಲವು ಗೀರುಗಳು ಎಷ್ಟು ಇಕ್ಕಟ್ಟೆಂದರೆ ಬ್ರಶ್ಶಿನ ಒಂದು ಎಳೆಯೂ ಒಳಗೆ ಹೋಗುವುದಿಲ್ಲ. ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಆ ಗೀರುಗಳನ್ನು ಸೀಲಂಟ್‌ನಿಂದ ಮುಚ್ಚಿಸಿ. ಹಲ್ಲು ತೊಳೆದು, ಒಣಗಿಸಿ, ನೀರಾಗಿರುವ ರೆಸಿನ್ ಹಾಕಿ, ನೀಲಿ ಬೆಳಕು ಹಿಡಿದರೆ ಗಟ್ಟಿಯಾಗುತ್ತದೆ. ಕೊರೆಯುವುದೂ ಇಲ್ಲ, ಚುಚ್ಚುವುದೂ ಇಲ್ಲ. ಪ್ರತಿ ಸಲ ಹೋದಾಗ ಕಿತ್ತುಹೋಗಿದೆಯಾ ಎಂದು ನೋಡಿಸಿ, ಹೋಗಿದ್ದರೆ ಮತ್ತೆ ಹಾಕಿಸಿ. ಹನ್ನೆರಡರ ಸುಮಾರಿಗೆ ಇದರ ಹಿಂದೆ ಬರುವ ಹಲ್ಲಿಗೂ ಇದೇ.

ಹಂತ 5: ಹುಳುಕು ಎಲ್ಲಿಗೆ ತಲುಪಿದೆ ಎಂದು ಗುರುತಿಸಿ

ಹಲ್ಲಿನಲ್ಲಿ ತೂತಾಗಿ ತಿಂದದ್ದು ಸಿಕ್ಕಿಕೊಳ್ಳುತ್ತಿದ್ದರೆ ಹುಳುಕು ಎನಾಮಲ್ ದಾಟಿದೆ. ಸಿಹಿಗೆ, ತಣ್ಣೀರಿಗೆ ಜುಮ್ಮೆಂದು, ಬಾಯಿಂದ ಹೋದ ಕೂಡಲೇ ನಿಂತರೆ ನರ ಇನ್ನೂ ಉಳಿಯುವ ಸ್ಥಿತಿಯಲ್ಲಿರಬಹುದು. ಏನೂ ತಿನ್ನದೆ ತಾನಾಗೇ ನೋಯುತ್ತಿದ್ದರೆ, ಅದರಲ್ಲೂ ನಿದ್ದೆಯಿಂದ ಎಬ್ಬಿಸುವ ನೋವಾದರೆ, ನರಕ್ಕೆ ಪೆಟ್ಟು ಬಿದ್ದಿದೆ.

ಎಲ್ಲಕ್ಕಿಂತ ಮೋಸದ್ದು ನೋವು ನಿಂತುಹೋಗುವುದು. ಎರಡು ದಿನ ಅತ್ತ ಮಗು ಮೂರನೇ ದಿನ ಆಡತೊಡಗಿದರೆ "ವಾಸಿಯಾಯ್ತು" ಎಂದು ಡಾಕ್ಟರ ಬಳಿ ಹೋಗುವುದನ್ನೇ ಬಿಡುತ್ತೇವೆ. ನರ ಸತ್ತಿದ್ದರೂ ನೋವು ನಿಲ್ಲುತ್ತದೆ. ಕೆಲವು ವಾರಕ್ಕೆ ಹಲ್ಲಿನ ಬುಡದಲ್ಲಿ, ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಅದು ಕೀವು ಹೊರಬರುವ ದಾರಿ. ಆ ಕೀವು ಇರುವುದು ಒಳಗೆ ಬೆಳೆಯುತ್ತಿರುವ ಹೊಸ ಹಲ್ಲಿನ ಪಕ್ಕದಲ್ಲೇ.

ಮುಖ ಊದಿದ್ದರೆ, ಜ್ವರ ಇದ್ದರೆ, ಊತ ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಹರಡುತ್ತಿದ್ದರೆ, ನುಂಗಲು, ಉಸಿರಾಡಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಡಾಕ್ಟರನ್ನು ನೋಡುವವರೆಗೆ ನೋವಿಗೆ ಪ್ಯಾರಸಿಟಮಾಲ್ ಕೊಡಬಹುದು. ವಯಸ್ಸಿಗಿಂತ ತೂಕ ನೋಡಿ ಕೊಡಬೇಕು. ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡುವು, ಇಡೀ ದಿನಕ್ಕೆ ನಾಲ್ಕು ಸಲ ಮೀರಬಾರದು. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು, ರೈ ಸಿಂಡ್ರೋಮ್ ಎಂಬ ಅಪಾಯಕಾರಿ ಕಾಯಿಲೆಗೆ ಅದು ದಾರಿಯಾಗಬಹುದು. ಮಾತ್ರೆಯನ್ನು ಪುಡಿ ಮಾಡಿ ಒಸಡಿಗೆ ಒತ್ತಿದರೆ ಒಸಡು ಸುಡುತ್ತದೆ. ಲವಂಗದ ಎಣ್ಣೆಯೂ ಎಳೆ ಒಸಡನ್ನು ಸುಡಬಹುದು. ಇನ್ನು ಆಂಟಿಬಯಾಟಿಕ್ ಮಾತ್ರ ಕೊಟ್ಟು ಹಲ್ಲು ಹಾಗೇ ಬಿಟ್ಟರೆ ಊತ ಇಳಿಯುತ್ತದೆ, ಮತ್ತೆ ಬರುತ್ತದೆ. ಮೂಲ ಇರುವುದು ಹಲ್ಲಿನೊಳಗೆ.

ಹಂತ 6: ಯಾವ ಹಲ್ಲಿಗೆ ಯಾವ ಚಿಕಿತ್ಸೆ

ತೂತು ಚಿಕ್ಕದಿದ್ದರೆ ಫಿಲ್ಲಿಂಗ್. ಮಕ್ಕಳಿಗೆ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಗ್ಲಾಸ್ ಅಯಾನೊಮರ್ ಸಿಮೆಂಟ್ ಸ್ವಲ್ಪ ತೇವವಿದ್ದರೂ ಹಿಡಿಯುತ್ತದೆ, ನಿಧಾನಕ್ಕೆ ಫ್ಲೋರೈಡ್ ಬಿಡುತ್ತದೆ, ಆದರೆ ಬೇಗ ಸವೆಯುತ್ತದೆ. ಹಲ್ಲಿನ ಬಣ್ಣದ ಕಾಂಪೊಸಿಟ್ ಗಟ್ಟಿ, ಚೆಂದ, ಆದರೆ ಹಾಕುವಾಗ ಹಲ್ಲು ಪೂರ್ತಿ ಒಣಗಿರಬೇಕು. ಮೂರು ವರ್ಷದ ಮಗು ಅಷ್ಟು ಹೊತ್ತು ಬಾಯಿ ತೆರೆದುಕೊಂಡು ಕೂರಬೇಕಲ್ಲ! ಕಪ್ಪು ಬೆಳ್ಳಿಯಂತಿರುವ ಹಳೆಯ ಅಮಾಲ್ಗಮ್‌ನಲ್ಲಿ ಪಾದರಸವಿದೆ. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದದ ದೇಶಗಳು 2022ರಲ್ಲಿ ಹಾಲುಹಲ್ಲಿಗೆ ಮತ್ತು 15 ವರ್ಷದೊಳಗಿನವರಿಗೆ ಅದನ್ನು ಹಾಕದಂತೆ ನೋಡಿಕೊಳ್ಳಲು ಒಪ್ಪಿವೆ.

ಮಗು ತುಂಬ ಚಿಕ್ಕದು, ಕೂರುವುದೇ ಇಲ್ಲ, ಹುಳುಕು ಹಲವು ಹಲ್ಲಿನಲ್ಲಿದೆ ಎಂದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದು ಹನಿಯನ್ನು ಹುಳುಕಿಗೆ ಸವರಿದರೆ ಅದು ಅಲ್ಲಿಗೇ ನಿಂತು ಗಟ್ಟಿಯಾಗುತ್ತದೆ. ಬೆಲೆ ಅಂದರೆ ಬಣ್ಣ: ಹುಳುಕಿನ ಭಾಗ ಕಾಡಿಗೆಯಷ್ಟು ಕಪ್ಪಾಗುತ್ತದೆ, ಮತ್ತೆ ಹೋಗುವುದಿಲ್ಲ. ದವಡೆ ಹಲ್ಲಾದರೆ ಯಾರಿಗೂ ಕಾಣದು. ಮುಂದಿನ ಹಲ್ಲಿಗೆ ಹಾಕಿಸುವ ಮೊದಲು ಮನೆಯವರೆಲ್ಲ ಮಾತಾಡಿಕೊಳ್ಳಿ. ಬಟ್ಟೆಗೆ ತಾಗಿದರೆ ಕಲೆ ಹೋಗದು, ಚರ್ಮಕ್ಕಾದರೆ ಒಂದೆರಡು ವಾರದಲ್ಲಿ ಹೋಗುತ್ತದೆ. ಬೆಳ್ಳಿಯ ಅಲರ್ಜಿ ಇರುವ ಮಗುವಿಗೆ ಬೇಡ.

ದವಡೆ ಹಲ್ಲಿನ ಎರಡು ಮೂರು ಬದಿ ಹಾಳಾಗಿದ್ದರೆ ದೊಡ್ಡ ಫಿಲ್ಲಿಂಗಿಗಿಂತ ಸ್ಟೀಲ್ ಕ್ಯಾಪ್ ವಾಸಿ. ಇದನ್ನು ಕೇಳಿದ ಕೂಡಲೇ "ಬೆಳ್ಳಿ ಹಲ್ಲಾ?" ಎಂದು ನಾನು ಮುಖ ಸಿಂಡರಿಸಿದ್ದೆ. ಈಗ ಕೇಳಿದರೆ ಕಣ್ಣು ಮುಚ್ಚಿ ಹೂಂ ಅನ್ನುತ್ತೇನೆ. ದೊಡ್ಡ ಫಿಲ್ಲಿಂಗ್ ಬಿರಿಯುತ್ತದೆ, ಬೀಳುತ್ತದೆ, ಪಕ್ಕದಿಂದ ಮತ್ತೆ ಹುಳುಕು ಹತ್ತುತ್ತದೆ. ಕ್ಯಾಪ್ ಹಲ್ಲನ್ನು ಪೂರ್ತಿ ಹೊದ್ದುಕೊಂಡಿರುತ್ತದೆ. ಬಿಳಿ ಬೇಕೆನ್ನುವವರಿಗೆ ಜಿರ್ಕೋನಿಯಾ ಕ್ಯಾಪ್ ಇದೆ, ಆದರೆ ಅದಕ್ಕೆ ಹಲ್ಲನ್ನು ಜಾಸ್ತಿ ಅರೆಯಬೇಕಾಗುತ್ತದೆ.

ಚಿಕ್ಕವನಿಗೆ ನಾಲ್ಕು ವರ್ಷವಾದಾಗ ಒಂದು ದವಡೆ ಹಲ್ಲಿನ ಸಂದಿಯಲ್ಲಿ ಹುಳುಕು ಸಿಕ್ಕಿತು, ಇನ್ನೂ ನೋವಿರಲಿಲ್ಲ. ಅವನಿಗೆ ಮಾಡಿದ್ದು ಹಾಲ್ ವಿಧಾನ. ಸ್ಕಾಟ್‌ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರು ರೂಢಿಸಿದ್ದರಿಂದ ಈ ಹೆಸರು, 2006ರಲ್ಲಿ ಅದರ ಫಲಿತಾಂಶ ಪ್ರಕಟವಾದ ಮೇಲೆ ಬೇರೆ ಕಡೆಗೂ ಹಬ್ಬಿತು. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ, ಹುಳುಕನ್ನು ಕೆರೆದು ತೆಗೆಯುವುದೂ ಇಲ್ಲ. ಮೊದಲ ದಿನ ಹಲ್ಲಿನ ಎರಡೂ ಪಕ್ಕ ಪುಟ್ಟ ನೀಲಿ ರಬ್ಬರ್ ಬಳೆ ಸಿಕ್ಕಿಸಿ ಕಳಿಸಿದರು. ನಾಲ್ಕು ದಿನಕ್ಕೆ ಹಲ್ಲುಗಳು ಕೂದಲೆಳೆಯಷ್ಟು ಸರಿದು ಜಾಗ ಬಿಟ್ಟಿದ್ದವು. ಎರಡನೇ ಸಲ ಕ್ಯಾಪಿನ ಗಾತ್ರ ನೋಡಿ, ಒಳಗೆ ಸಿಮೆಂಟ್ ತುಂಬಿ, ಹಲ್ಲಿನ ಮೇಲಿಟ್ಟು "ಗಟ್ಟಿಯಾಗಿ ಕಚ್ಚು ನೋಡೋಣ, ಸಿಂಹದ ಥರ" ಅಂದರು. ಟಪ್ ಎಂದು ಕೂತಿತು. ಸುತ್ತಲಿನ ಒಸಡು ಬೆಳ್ಳಗಾಯಿತು, ಸ್ವಲ್ಪ ಹೊತ್ತಿಗೆ ಕೆಂಪಾಯಿತು. "ಹುಳೀ..." ಎಂದು ಮುಖ ಕಿವುಚಿದ. ಅಷ್ಟೇ.

ಹುಳುಕು ಒಳಗೇ ಇದ್ದರೆ ಹೇಗೆ ಸ್ವಾಮಿ ಎಂದು ನಾನೂ ಕೇಳಿದೆ. ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗದಂತೆ ಬಾಗಿಲು ಮುಚ್ಚಿದ ಹಾಗೆ, ಒಳಗಿನ ಹುಳುಕು ಮುಂದುವರಿಯುವುದಿಲ್ಲ ಎಂದರು. ಕ್ಯಾಪ್ ಕೂತ ದಿನ ಆ ಹಲ್ಲು ಎತ್ತರವಾಗಿ, ಉಳಿದ ಹಲ್ಲು ಕೂಡುವುದೇ ಇಲ್ಲ ಅನ್ನಿಸುತ್ತದೆ. ಕೆಲವು ವಾರದಲ್ಲಿ ತಾನಾಗೇ ಸರಿಹೋಗುತ್ತದೆ. ಆದರೆ ರಾತ್ರಿ ನೋವಿದ್ದ, ಗುಳ್ಳೆ ಎದ್ದ ಹಲ್ಲಿಗೆ ಈ ವಿಧಾನ ಹೊಂದುವುದಿಲ್ಲ.

ಹುಳುಕು ನರ ಮುಟ್ಟಿದ್ದರೆ ಎರಡು ದಾರಿ. ನರದ ಮೇಲ್ಭಾಗ ಮಾತ್ರ ಕೆಟ್ಟಿದ್ದರೆ ಅಷ್ಟನ್ನು ತೆಗೆದು, ಔಷಧಿ ಇಟ್ಟು ಮುಚ್ಚುವುದು ಪಲ್ಪಾಟಮಿ. ಬೇರಿನವರೆಗೂ ಹೋಗಿದ್ದರೆ ಪಲ್ಪೆಕ್ಟಮಿ, ಜನ ಮಕ್ಕಳ ರೂಟ್ ಕೆನಾಲ್ ಅನ್ನುವುದು ಇದನ್ನೇ. ಹಾಲುಹಲ್ಲಿನ ಬೇರು ಮುಂದೆ ಕರಗಬೇಕಲ್ವಾ, ಅದಕ್ಕೆ ಒಳಗೆ ತುಂಬುವ ಪೇಸ್ಟೂ ಬೇರಿನ ಜತೆ ಕರಗುವಂಥದ್ದು. ದೊಡ್ಡವರಿಗೆ ಹಾಕುವ ಕರಗದ ರಬ್ಬರಿನಂಥ ವಸ್ತು ಇಲ್ಲಿ ಹಾಕುವುದಿಲ್ಲ. ಮೇಲೆ ಸಾಮಾನ್ಯವಾಗಿ ಕ್ಯಾಪ್. ದೊಡ್ಡವಳಿಗೆ ಆದದ್ದು ಇದು, ಎರಡು ಸಲ ಹೋಗಬೇಕಾಯಿತು.

ಬೇರು ತೀರಾ ಕೆಟ್ಟಿದ್ದರೆ ಕೀಳಿಸುವುದೇ ಸರಿ, ಹಟ ಮಾಡಿ ಉಳಿಸಬಾರದು. ದವಡೆ ಹಲ್ಲು ಕೀಳಿಸಿದರೆ ಜಾಗ ಕಾಯುವ ತಂತಿ ಬೇಕಾ ಎಂದು ಅವತ್ತೇ ಕೇಳಿ. ಪಕ್ಕದ ಹಲ್ಲಿಗೆ ಉಂಗುರ ತೊಡಿಸಿ, ಖಾಲಿ ಜಾಗಕ್ಕೆ ತಂತಿಯ ಕೊಂಡಿ ಚಾಚಿರುತ್ತಾರೆ.

ಚಿಕಿತ್ಸೆಗೆ ಒಪ್ಪುವ ಮೊದಲು ನಾನು ಕೇಳುವುದು ಮೂರೇ: ಈ ಹಲ್ಲು ಇನ್ನೆಷ್ಟು ವರ್ಷ ಬಾಯಲ್ಲಿರಬೇಕು? ಈಗ ಏನೂ ಮಾಡದಿದ್ದರೆ ಏನಾಗುತ್ತದೆ? ಇದಕ್ಕಿಂತ ಕಡಿಮೆ ಕೊರೆಯುವ ದಾರಿ ಇದೆಯಾ? ಮೂರಕ್ಕೂ ಸಮಾಧಾನವಾಗಿ ಉತ್ತರಿಸುವ ಡಾಕ್ಟರ ಬಳಿ ಮಗುವನ್ನು ನಿಶ್ಚಿಂತೆಯಿಂದ ಬಿಡಬಹುದು.

ಹಂತ 7: ಆ ದಿನ

"ಹೇಳಿದ ಮಾತು ಕೇಳದಿದ್ದರೆ ಡಾಕ್ಟರ್ ಹತ್ರ ಇಂಜೆಕ್ಷನ್ ಹಾಕಿಸ್ತೀನಿ" ಎಂದು ಮನೆಯಲ್ಲಿ ಹೆದರಿಸಿದವರು ಕುರ್ಚಿಯ ಪಕ್ಕ ನಿಂತು ಧೈರ್ಯ ಹೇಳಿದರೆ ಯಾವ ಮಗು ನಂಬುತ್ತದೆ? "ಏನೂ ನೋವಾಗಲ್ಲ" ಅನ್ನುವುದೂ ಬೇಡ. ಆ ಮಾತಿನಲ್ಲಿ ಮಗುವಿಗೆ ಕೇಳಿಸುವುದು "ನೋವು" ಒಂದೇ. "ಡಾಕ್ಟರ್ ಹಲ್ಲು ಎಣಿಸ್ತಾರೆ, ತೊಳೀತಾರೆ, ಕಷ್ಟ ಆದ್ರೆ ಕೈ ಎತ್ತು, ನಿಲ್ಲಿಸ್ತಾರೆ" ಎಂದರೆ ಸಾಕು. ಒಳ್ಳೆಯ ಮಕ್ಕಳ ಡಾಕ್ಟರ್ ಮೊದಲು ಹೇಳುತ್ತಾರೆ, ಆಮೇಲೆ ಉಪಕರಣವನ್ನು ಮಗುವಿನ ಬೆರಳ ಮೇಲೆ ಆಡಿಸಿ ತೋರಿಸುತ್ತಾರೆ, ಆಮೇಲೆ ಬಾಯಲ್ಲಿ ಮಾಡುತ್ತಾರೆ. ಆ ಹೊತ್ತಿನಲ್ಲಿ ನೀವು ನಡುವೆ ಬಾಯಿ ಹಾಕಬೇಡಿ, ಎರಡು ಕಡೆಯಿಂದ ಮಾತು ಬಂದರೆ ಮಗು ಗಲಿಬಿಲಿಯಾಗುತ್ತದೆ.

ಬೆಳಗಿನ ಹೊತ್ತು ತೆಗೆದುಕೊಳ್ಳಿ. ನಿದ್ದೆಗೆಟ್ಟ ಸಂಜೆ ಬೇಡವೇ ಬೇಡ. ಬಹಳ ಹೆದರುವ ಮಕ್ಕಳಿಗೆ ಮೂಗಿನಿಂದ ಕೊಡುವ ನಗೆ ಅನಿಲವಿದೆ, ಮಗು ಎಚ್ಚರವಾಗಿದ್ದುಕೊಂಡೇ ಹಗುರಾಗುತ್ತದೆ. ತೀರಾ ಚಿಕ್ಕ ಮಗುವಿಗೆ ಹತ್ತಾರು ಹಲ್ಲಿನ ಕೆಲಸವಿದ್ದರೆ ಆಸ್ಪತ್ರೆಯಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ಸಲ ಮುಗಿಸುತ್ತಾರೆ. ಆಗ ಎಷ್ಟು ಗಂಟೆ ಹೊಟ್ಟೆ ಖಾಲಿ ಇರಬೇಕೆಂದು ಹೇಳಿರುತ್ತಾರೋ ಅಷ್ಟು ಇರಲೇಬೇಕು, "ಪಾಪ, ಒಂದು ಗುಟುಕು ಹಾಲು" ಎಂದು ಕೊಡಬೇಡಿ.

ಹಂತ 8: ಮನೆಗೆ ಬಂದ ಮೇಲೆ

ಇಂಜೆಕ್ಷನ್ ಕೊಟ್ಟಿದ್ದರೆ ತುಟಿ, ಕೆನ್ನೆ ಎರಡು ಮೂರು ಗಂಟೆ ಮರಗಟ್ಟಿರುತ್ತವೆ. ಮಗುವಿಗೆ ಅದು ತಮಾಷೆ, ಕಚ್ಚಿಕೊಂಡು ನೋಡುತ್ತದೆ. ದೊಡ್ಡವಳು ಕಾರಿನಲ್ಲಿ ಬರುವಾಗಲೇ ಕೆಳತುಟಿ ಜಗಿದು ಮರುದಿನ ಅದು ಬಿಳಿ ಹುಣ್ಣಾಗಿ ಊದಿತ್ತು. ಕೀವಾಯಿತೆಂದು ನಾನು ಓಡಿದೆ. ಕೀವಲ್ಲ, ಕಚ್ಚಿದ ಗಾಯ, ವಾರ ಹತ್ತು ದಿನದಲ್ಲಿ ಮಾಯುತ್ತದೆ ಎಂದು ಕಳಿಸಿದರು. ಜೋಮು ಇಳಿಯುವವರೆಗೆ ಅಗಿಯುವಂಥದ್ದೇನೂ ಕೊಡಬೇಡಿ, ಕಣ್ಣಿಟ್ಟಿರಿ.

ಕ್ಯಾಪ್ ಹಾಕಿದ ಹಲ್ಲಿಗೂ ಬ್ರಶ್ ಬೇಕು, ಒಸಡಿನ ಅಂಚಿಗೆ ಇನ್ನೂ ಚೆನ್ನಾಗಿ. ಅಂಟುವ ಮಿಠಾಯಿ ಕ್ಯಾಪನ್ನು ಎಳೆದುಬಿಡಬಹುದು. ಕಳಚಿ ಬಂದರೆ ಎಸೆಯಬೇಡಿ, ಡಬ್ಬಿಯಲ್ಲಿಟ್ಟು ಬೇಗ ತೆಗೆದುಕೊಂಡು ಹೋಗಿ.

ಬಿದ್ದು ಹಲ್ಲಿಗೆ ಪೆಟ್ಟಾದರೆ

ಶಾಶ್ವತ ಹಲ್ಲು ಬುಡ ಸಮೇತ ಹೊರಗೆ ಬಂದಿದ್ದರೆ ಪ್ರತಿ ನಿಮಿಷವೂ ಮುಖ್ಯ. ಬೇರನ್ನು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿ ಭಾಗ ಹಿಡಿದು ಎತ್ತಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಒಂದು ಸಲ ಅದ್ದಿ, ಉಜ್ಜಬೇಡಿ. ಅದೇ ಜಾಗಕ್ಕೆ ತಿರುಗಿ ಕೂರಿಸಿ, ಕರವಸ್ತ್ರ ಕಚ್ಚಲು ಕೊಡಿ. ಕೂರಿಸಲು ಧೈರ್ಯ ಬಾರದಿದ್ದರೆ ತಣ್ಣಗಿನ ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ಡಾಕ್ಟರ ಬಳಿ ಇರಿ. ನೀರಿನಲ್ಲಿ ನೆನೆಹಾಕಬೇಡಿ, ಬೇರಿನ ಮೇಲಿನ ಜೀವಕೋಶ ಸಾಯುತ್ತವೆ. ಹಾಲುಹಲ್ಲಾದರೆ ವಾಪಸ್ ಇಡಲೇಬೇಡಿ, ಒಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಮುರಿದ ಚೂರು ಸಿಕ್ಕರೆ ಒಯ್ಯಿರಿ, ಎಷ್ಟೋ ಸಲ ಅಂಟಿಸಬಹುದು. ಪೆಟ್ಟು ಬಿದ್ದ ಹಾಲುಹಲ್ಲು ವಾರಗಳ ನಂತರ ಬೂದಿ ಬಣ್ಣಕ್ಕೆ ತಿರುಗಿದರೆ ತೋರಿಸಿ, ಆದರೆ ಬಣ್ಣ ಬದಲಾಯಿತೆಂದ ಮಾತ್ರಕ್ಕೆ ಕೀಳಿಸಬೇಕಿಲ್ಲ.

ದೊಡ್ಡವಳ ಕ್ಯಾಪ್ ಹಾಕಿದ ಹಲ್ಲು ಹೋದ ತಿಂಗಳು ಬಿತ್ತು, ಹನ್ನೊಂದು ವರ್ಷ ಎರಡು ತಿಂಗಳಿಗೆ. ಊಟದ ನಡುವೆ ಕೈಯಲ್ಲಿ ಹಿಡಿದುಕೊಂಡು "ಅಮ್ಮಾ, ಟೋಪಿ ಹಾಕ್ಕೊಂಡೇ ಬಂತು" ಎಂದಳು. ತಿರುಗಿಸಿ ನೋಡಿದೆ. ಬೇರು ಪೂರ್ತಿ ಕರಗಿತ್ತು, ಸ್ಟೀಲಿನ ಟೋಪಿ ಮತ್ತು ಅದರೊಳಗೆ ಒಂದು ತೆಳು ಬಿಲ್ಲೆಯಷ್ಟು ಹಲ್ಲು. ಟಾರ್ಚ್ ಹಾಕಿ ಬಾಯಲ್ಲಿ ನೋಡಿದರೆ ಆ ಗುಂಡಿಯಲ್ಲಿ ಹೊಸ ಹಲ್ಲಿನ ಬಿಳಿ ತುದಿ ಆಗಲೇ ಇಣುಕುತ್ತಿತ್ತು.